ಅಜ್ಜಿಯ ವಜ್ರದುಂಗುರ ಮುಂದೆ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಂದು ಹಳೇ ವಜ್ರದುಂಗುರ ಇದ್ದರೆ ಅದರ ಸುತ್ತ ಎರಡು ಬಗೆಯ ಪ್ರಶ್ನೆಗಳು ಏಳುತ್ತವೆ. ಒಂದು ಕಲ್ಲಿನದು: ನಿಜವಾದದ್ದೇ, ಎಷ್ಟು ತೂಕ, ಸಡಿಲವಾಗಿದೆಯೇ. ಇನ್ನೊಂದು ಜನರದು: ಯಾರಿಗೆ, ಯಾವಾಗ, ಅವಳಿಗ್ಯಾಕೆ, ನನಗ್ಯಾಕಿಲ್ಲ. ಮೊದಲನೆಯದಕ್ಕೆ ಒಂದು ಭೂತಗನ್ನಡಿ ಮತ್ತು ಅದನ್ನು ಹಿಡಿಯಲು ಬಲ್ಲವರು ಸಾಕು. ಎರಡನೆಯದಕ್ಕೆ ಮನೆಯವರು ಬಾಯಿ ಬಿಡಬೇಕು. ಬಾಯಿ ಬಿಡದೇ ಇದ್ದುದಕ್ಕೆ ನಮ್ಮ ದೊಡ್ಡಮ್ಮ ಮತ್ತು ಚಿಕ್ಕಮ್ಮ ಹನ್ನೊಂದು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಆ ಕಥೆ ಮುಂದೆ ಬರುತ್ತದೆ.

ಉಂಗುರ ಯಾರಿಗೆ ಹೋಗಬೇಕು ಅನ್ನೋದಕ್ಕೆ ಏನಾದರೂ ನಿಯಮ ಇದೆಯಾ?

ಇಲ್ಲ. ಹಿರಿಮಗಳಿಗೆ, ಮೊದಲು ಮದುವೆಯಾದ ಮಗನಿಗೆ, ಅಜ್ಜಿಯ ಹೆಸರಿಟ್ಟ ಮೊಮ್ಮಗಳಿಗೆ, ಕೊನೆಗಾಲದಲ್ಲಿ ನೋಡಿಕೊಂಡವರಿಗೆ ಅಂತ ಒಂದೊಂದು ಮನೆಯಲ್ಲಿ ಒಂದೊಂದು ಲೆಕ್ಕ. ಕಷ್ಟ ಏನೆಂದರೆ, ಒಂದೇ ಮನೆಯೊಳಗೂ ಆ ಲೆಕ್ಕ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಥರ ಇರುತ್ತದೆ.

ಕಾನೂನಿನ ಕಣ್ಣಿಗೆ ಉಂಗುರ ಒಂದು ಸ್ವತ್ತು, ಅಷ್ಟೇ. ಉಯಿಲು ಬರೆಯದೆ ಹೋದರೆ ಆಯಾ ದೇಶದ ವಾರಸಾ ಕಾನೂನಿನಂತೆ ಅದು ಉಳಿದ ಆಸ್ತಿಯ ಜೊತೆ ಸೇರಿಕೊಳ್ಳುತ್ತದೆ. "ಅಮ್ಮ ಯಾವಾಗಲೂ ಇದು ನಿನಗೇ ಅಂತಿದ್ದಳು" ಅನ್ನುವ ಮಾತು ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಅದೂ ಅಲ್ಲದೆ, ಅಮ್ಮ ಆ ಮಾತನ್ನು ಇನ್ನಿಬ್ಬರಿಗೂ ಹೇಳಿರುವ ಸಾಧ್ಯತೆ ಇದೆ. ಅಮ್ಮಂದಿರು ಹಾಗೆ ಹೇಳುತ್ತಾರೆ, ಅಲ್ವಾ?

ಬದುಕಿರುವಾಗಲೇ ಕೊಡೋದು ಒಳ್ಳೆಯದಾ, ಉಯಿಲಿನಲ್ಲಿ ಬರೆಯೋದು ಒಳ್ಳೆಯದಾ?

ನನ್ನನ್ನು ಕೇಳಿದರೆ ಬದುಕಿರುವಾಗಲೇ ಕೊಡಿ. ಎಲ್ಲರ ಎದುರಿಗೇ ಕೊಡಿ. ಕೊಟ್ಟವರ ಬಾಯಿಂದಲೇ ಕಾರಣ ಕೇಳಿದವರು ಆಮೇಲೆ ಜಾಸ್ತಿ ಜಗಳ ಆಡುವುದಿಲ್ಲ. ಬೇಸರ ಆಗಬಹುದು, ಆದರೆ ಅನುಮಾನ ಇರುವುದಿಲ್ಲ. ಅನುಮಾನವೇ ಹೆಚ್ಚು ಕಾಲ ಉಳಿಯುವುದು.

ಇನ್ನೊಂದು ಲಾಭವೂ ಇದೆ. ಉಂಗುರ ಇನ್ನೊಬ್ಬರ ಬೆರಳಲ್ಲಿ ಹೊಳೆಯುವುದನ್ನು ನೀವೇ ನೋಡಬಹುದು.

ಕೈಯಿಂದ ಬಿಚ್ಚಲು ಮನಸ್ಸಿಲ್ಲ ಅಂದರೆ ಅದೂ ಸರಿಯೇ. ಐವತ್ತು ವರ್ಷ ಹಾಕಿಕೊಂಡಿದ್ದನ್ನು ಸುಮ್ನೆ ತೆಗೆದುಕೊಡಲು ಆಗುವುದಿಲ್ಲ. ಆಗ ಉಯಿಲಿನಲ್ಲಿ ಬರೆಯಿರಿ, ಆದರೆ ಗುರುತು ಸಿಗುವ ಹಾಗೆ ಬರೆಯಿರಿ. "ನನ್ನ ವಜ್ರದುಂಗುರ" ಅಂತ ಬರೆದರೆ ಮನೆಯಲ್ಲಿ ಮೂರು ವಜ್ರದುಂಗುರ ಇದ್ದಾಗ ಯಾವುದು ಅಂತ ಗೊತ್ತಾಗುವುದಿಲ್ಲ. "ಹಳದಿ ಚಿನ್ನದ್ದು, ನಡುವೆ ಒಂದೇ ದುಂಡು ಕಲ್ಲು, ಒಳಗೆ ಇಂಥ ಅಕ್ಷರ ಕೆತ್ತಿದೆ" ಅಂತ ಬರೆದು ಜೊತೆಗೆ ಒಂದು ಫೋಟೋ ಇಟ್ಟರೆ ಸಾಕು. ಉಯಿಲಿಗೆ ಸಾಕ್ಷಿಗಳು ಎಷ್ಟು, ಸಹಿ ಹೇಗೆ ಅನ್ನುವುದನ್ನು ನೀವಿರುವ ಕಡೆಯ ವಕೀಲರ ಹತ್ತಿರ ಕೇಳಿಕೊಳ್ಳಿ.

ಅತ್ತೆ ನನಗೆ ಹಾಕಿಕೊಳ್ಳಲು ಕೊಟ್ಟಿದ್ದಾರೆ. ಅದು ನನ್ನದಾ?

ಕೇಳಿ ತಿಳಿದುಕೊಳ್ಳಿ. ಇಂದೇ. ಕೇಳೋದಕ್ಕೆ ಮುಜುಗರ ಆಗುತ್ತದೆ, ನಿಜ. ಆದರೆ "ಹಾಕಿಕೋ" ಅಂದರೆ "ನಿನ್ನದು" ಅಂತಲೂ ಆಗಬಹುದು, "ನಾನಿರುವ ತನಕ ನಿನ್ನ ಹತ್ತಿರ ಇರಲಿ" ಅಂತಲೂ ಆಗಬಹುದು. ಎರಡಕ್ಕೂ ಅಜಗಜಾಂತರ. ಅದರ ಅಳತೆ ಬದಲಾಯಿಸುವ ಮೊದಲು, ಕಲ್ಲು ತೆಗೆಸುವ ಮೊದಲು, ಇದೊಂದು ಸ್ಪಷ್ಟವಾಗಿರಲಿ.

ಮಕ್ಕಳು ಮೂವರು, ಉಂಗುರ ಒಂದೇ. ಏನು ಮಾಡೋದು?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಮನೆಗಳಲ್ಲಿ ನಡೆಯುವ ಕೆಲವು ದಾರಿಗಳಿವೆ.

ಒಂದು, ಬೆಲೆ ಕಟ್ಟಿಸಿ, ಉಂಗುರ ತೆಗೆದುಕೊಂಡವರ ಪಾಲಿನಿಂದ ಅಷ್ಟನ್ನು ಕಳೆಯುವುದು. ಲೆಕ್ಕಕ್ಕೆ ಇದು ಸರಿ. ಆದರೆ ಉಂಗುರ ಬೇಕು ಅನ್ನುವವರ ಹತ್ತಿರವೇ ಹಣ ಕಡಿಮೆ ಇದ್ದರೆ ಕಷ್ಟ.

ಇನ್ನೊಂದು, ಮನೆಯ ನೆನಪಿನ ವಸ್ತುಗಳನ್ನೆಲ್ಲ ಒಂದು ಮೇಜಿನ ಮೇಲೆ ಇಟ್ಟು ಸರದಿಯಂತೆ ಆರಿಸುವುದು. ಚೀಟಿ ಎತ್ತಿ ಯಾರು ಮೊದಲು ಅಂತ ನಿರ್ಧರಿಸಿ. ಎರಡನೇ ಸುತ್ತಿನಲ್ಲಿ ಸರದಿ ತಿರುಗಿಸಿ. ಇದರಲ್ಲಿ ಒಂದು ಸೋಜಿಗ ಇದೆ. ಎಲ್ಲರಿಗೂ ಉಂಗುರವೇ ಬೇಕು ಅಂದುಕೊಂಡಿರುತ್ತೇವೆ. ಮೊದಲ ಸರದಿ ಬಂದವರು ಅಪ್ಪನ ಗೋಡೆ ಗಡಿಯಾರವನ್ನು ಎತ್ತಿಕೊಂಡು ಹೋಗಿಬಿಡಬಹುದು.

ಮೂರನೆಯದು, ಹಲವು ಕಲ್ಲುಗಳ ಉಂಗುರವಾದರೆ ಕಲ್ಲುಗಳನ್ನು ಹಂಚುವುದು. ನಡುವಿನ ದೊಡ್ಡದು ಒಬ್ಬರಿಗೆ, ಪಕ್ಕದವು ಇಬ್ಬರಿಗೆ. ನನಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಏಕೆಂದರೆ ಮೂಲ ಉಂಗುರವೇ ಇಲ್ಲವಾಗುತ್ತದೆ. ಆದರೆ ಮೂವರೂ ಮನಸಾರೆ ಒಪ್ಪಿದರೆ ಬೇಡ ಅನ್ನಲು ನಾನ್ಯಾರು?

ವರ್ಷಕ್ಕೊಬ್ಬರ ಹತ್ತಿರ ಇಟ್ಟುಕೊಳ್ಳೋಣ ಅನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಮೂವರ ಬೆರಳಿನ ಅಳತೆ ಮೂರು. ಸಡಿಲವಾದ ಉಂಗುರ ಕಳೆದುಹೋದ ವರ್ಷ ಯಾರ ಸರದಿಯೋ ಅವರ ಗತಿ ಏನು? ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವುದಾದರೆ ಮಾತ್ರ ಇದು ನಡೆದೀತು.

ಯಾವ ದಾರಿಯಾದರೂ ಆಗಲಿ, ಬೆಲೆ ಕಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿ: "ನಿನಗೆ ಇದು ಯಾಕೆ ಬೇಕು?" ಹಣಕ್ಕಾಗಿ ಬೇಕು ಅನ್ನುವವರಿಗೆ ಹಣವನ್ನೇ ಕೊಡಬಹುದು. ಅಜ್ಜಿ ಕೆಲಸ ಮಾಡುವಾಗ ಅದನ್ನು ಬಿಚ್ಚಿ ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದದ್ದು ನೆನಪಿದೆ ಅನ್ನುವವರಿಗೆ ಹಣ ಕೊಟ್ಟು ಪ್ರಯೋಜನವಿಲ್ಲ.

ಕಲ್ಲು ನಿಜವಾದ ವಜ್ರ ಅಂತ ಮನೆಯಲ್ಲೇ ಹೇಗೆ ನೋಡೋದು?

ಮನೆಯಲ್ಲಿ ಖಚಿತವಾಗಿ ನೋಡಲು ಆಗುವುದಿಲ್ಲ. ಜನ ಮಾಡುವ ಪರೀಕ್ಷೆಗಳಲ್ಲಿ ಹೆಚ್ಚಿನವು ದಾರಿ ತಪ್ಪಿಸುತ್ತವೆ.

ಗಾಜಿನ ಮೇಲೆ ಗೀರುವುದು: ಸ್ಫಟಿಕ, ನೀಲಮಣಿ, ವಜ್ರದಂತೆ ಕಾಣುವ ಕೃತಕ ಕಲ್ಲಾದ ಜಿರ್ಕೋನಿಯಾ ಎಲ್ಲವೂ ಗಾಜನ್ನು ಗೀರುತ್ತವೆ. ಕಲ್ಲಿನ ಅಂಚು ಮುಕ್ಕಾಗುವುದೊಂದೇ ಲಾಭ. ನೀರಲ್ಲಿ ಮುಳುಗಿಸುವುದು: ಗಾಜೂ ಮುಳುಗುತ್ತದೆ. ಉಸಿರು ಬಿಟ್ಟು ಮಂಜು ಹಿಡಿಸುವುದು: ವಜ್ರ ಶಾಖವನ್ನು ತುಂಬ ಬೇಗ ಸಾಗಿಸುತ್ತದೆ, ಹಾಗಾಗಿ ಮಂಜು ತಕ್ಷಣ ಹೋಗುತ್ತದೆ. ಇದರಲ್ಲಿ ಒಂದಿಷ್ಟು ಹುರುಳಿದೆ. ಆದರೆ ವಜ್ರದಂತೆ ಕಾಣುವ ಇನ್ನೊಂದು ಕೃತಕ ಕಲ್ಲಾದ ಮಾಯ್ಸನೈಟ್ ಕೂಡ ಶಾಖವನ್ನು ಚೆನ್ನಾಗಿ ಸಾಗಿಸುವುದರಿಂದ, ಬರೀ ಶಾಖ ನೋಡಿ ವಜ್ರ ಗುರುತಿಸುವ ಪೆನ್ನಿನಂಥ ಯಂತ್ರವೂ ಅಲ್ಲಿ ಮೋಸ ಹೋಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ಓರೆಯಾಗಿ ನೋಡಿದರೆ ಮಾಯ್ಸನೈಟಿನ ಒಳಗಿನ ಅಂಚುಗಳು ಎರಡೆರಡಾಗಿ ಕಾಣುತ್ತವೆ. ವಜ್ರದಲ್ಲಿ ಹಾಗೆ ಕಾಣುವುದಿಲ್ಲ. ಜಿರ್ಕೋನಿಯಾವನ್ನು ಹಿಡಿಯುವುದು ತೂಕ. ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಗುತ್ತದೆ. ಆದರೆ ಉಂಗುರದಲ್ಲಿ ಕೂತ ಕಲ್ಲನ್ನು ತೂಗುವುದು ಹೇಗೆ? ಅದಕ್ಕೇ ರತ್ನಪರೀಕ್ಷಕರ ಹತ್ತಿರ ಹೋಗಬೇಕು.

ಈಗ ನಮ್ಮ ಮನೆಯ ಕಥೆ. ಅಜ್ಜಿ 1958ರಲ್ಲಿ ಮದುವೆಯಾದವರು. ಆಗಿಂದಲೂ ಆ ಉಂಗುರ ಅವರ ಕೈಯಲ್ಲಿತ್ತು. ಹೋಗುವಾಗ ಯಾರಿಗೂ ಏನೂ ಹೇಳಲಿಲ್ಲ. ದೊಡ್ಡಮ್ಮ ತೆಗೆದುಕೊಂಡರು. ನನಗೆ ಕೊಡುತ್ತೇನೆ ಅಂದಿದ್ದಳು ಅಂತ ಚಿಕ್ಕಮ್ಮ. ಅಲ್ಲಿಂದ ಹನ್ನೊಂದು ವರ್ಷ. ಕೊನೆಗೆ ಯಾರೋ ಹಿರಿಯರು ನಡುವೆ ಬಂದು, ಮಾರಿ ಹಣ ಹಂಚಿಕೊಳ್ಳಿ ಅಂದರು. ಪರೀಕ್ಷೆಗೆ ಕೊಟ್ಟರೆ ಕಲ್ಲು ಜಿರ್ಕೋನಿಯಾ.

ಜಿರ್ಕೋನಿಯಾ ಆಭರಣದ ಕಲ್ಲಾಗಿ ಮಾರುಕಟ್ಟೆಗೆ ಬಂದದ್ದೇ 1976ರಲ್ಲಿ. ಅಂದರೆ ಅಜ್ಜಿಯ ಮದುವೆಯ ದಿನ ಆ ಉಂಗುರದಲ್ಲಿ ಇದ್ದದ್ದು ಬೇರೆ ಏನೋ. ನಡುವೆ ಮೂರ್ನಾಲ್ಕು ಸಲ ಅದು ರಿಪೇರಿಗೆ ಹೋಗಿತ್ತು. ಮನೆಯಲ್ಲಿ ಕೈ ಖಾಲಿಯಾಗಿದ್ದ ವರ್ಷಗಳೂ ಇದ್ದವು. ಯಾವಾಗ ಬದಲಾಯಿತು, ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ಅವರೇ ಮಾರಿದರೋ, ಏನೂ ತಿಳಿಯಲಿಲ್ಲ. ಆ ದಿನ ಅಂಗಡಿಯಿಂದ ಹೊರಗೆ ಬಂದ ಮೇಲೆ ಇಬ್ಬರೂ ಮೊದಲು ನಕ್ಕರು. ಆಮೇಲೆ ಅತ್ತರು.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಆಗಿರಬಹುದಾ?

ಹಳೇ ಉಂಗುರದ ಮೂಲ ಕಲ್ಲು ಅದಾಗಿರಲು ಸಾಧ್ಯವಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಮೊದಲು ವಜ್ರ ತಯಾರಿಸಿದ್ದು 1954ರ ಕೊನೆಯಲ್ಲಿ. ಅದು ಕಾರ್ಖಾನೆಯ ಉಜ್ಜುವ ಕೆಲಸಕ್ಕೆ ಬರುವ ಪುಡಿಯಂಥದ್ದು. ಆಭರಣಕ್ಕೆ ಒಪ್ಪುವ ಕಲ್ಲುಗಳು ಅಂಗಡಿಗೆ ಬರಲು ಇನ್ನೂ ದಶಕಗಳು ಹಿಡಿದವು. ಮಾಯ್ಸನೈಟ್ ಆಭರಣ ಬಂದದ್ದು 1990ರ ದಶಕದ ಕೊನೆಗೆ. ಅಜ್ಜಿಯ ಉಂಗುರದಲ್ಲಿ ಇವುಗಳಲ್ಲೊಂದು ಸಿಕ್ಕಿದರೆ ನಡುವೆ ಕಲ್ಲು ಬದಲಾಗಿದೆ ಅಂತಲೇ ಅರ್ಥ.

ಹಳೇ ವಜ್ರ ಈಗಿನವುಗಳ ಹಾಗೆ ಮಿಂಚೋದಿಲ್ಲ. ಕಳಪೆಯಾ?

ಅಲ್ಲ. ಕೊರೆದ ರೀತಿ ಬೇರೆ. ಈಗ ಎಲ್ಲೆಡೆ ಕಾಣುವ ದುಂಡು ವಜ್ರಕ್ಕೆ 57 ಅಥವಾ 58 ಮುಖಗಳು. ಬೆಳಕು ಹೆಚ್ಚು ಮರಳಿ ಬರಬೇಕಾದರೆ ಯಾವ ಕೋನದಲ್ಲಿ ಕೊರೆಯಬೇಕು ಅಂತ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಅದಕ್ಕೂ ಮೊದಲಿನ ಕಲ್ಲುಗಳು ಕೊರೆಯುವವರ ಕಣ್ಣಂದಾಜಿನವು.

ಹಳೇ ಕಲ್ಲನ್ನು ಮೇಲಿನಿಂದ ನೋಡಿ. ಅಂಚು ಪೂರ್ತಿ ದುಂಡಗಿರದೆ ಮೂಲೆ ಸವೆದ ಚೌಕದಂತೆ ಇದೆಯೇ? ಮೇಲ್ಭಾಗ ಎತ್ತರವಾಗಿದ್ದು, ನಡುವಿನ ಚಪ್ಪಟೆ ಮುಖ ಚಿಕ್ಕದೇ? ತಳದಲ್ಲಿ ಚೂಪು ತುದಿಯ ಬದಲು ಸಣ್ಣ ಚಪ್ಪಟೆ ಇದ್ದು, ಮೇಲಿಂದ ನೋಡಿದಾಗ ಪುಟ್ಟ ತೂತಿನಂತೆ ಕಾಣುತ್ತದೆಯೇ? ಹಾಗಿದ್ದರೆ ಅದು ಓಲ್ಡ್ ಮೈನ್ ಕಟ್. 18 ಮತ್ತು 19ನೇ ಶತಮಾನದ ರೂಢಿ. ಅದೇ ಲಕ್ಷಣಗಳಿದ್ದು ದುಂಡಗಿದ್ದರೆ ಓಲ್ಡ್ ಯುರೋಪಿಯನ್ ಕಟ್, 19ನೇ ಶತಮಾನದ ಕೊನೆಯಿಂದ ಮುಂದಿನ ಕೆಲವು ದಶಕಗಳದ್ದು. ತಳ ಚಪ್ಪಟೆ, ಮೇಲೆ ಗುಮ್ಮಟದಂತೆ ಉಬ್ಬು, ಮುಖಗಳು ಮೊಗ್ಗಿನ ಎಸಳಿನಂತೆ ಇದ್ದರೆ ರೋಸ್ ಕಟ್. ಅದು ಇನ್ನೂ ಹಳೆಯ ಶೈಲಿ.

ಈ ಕಲ್ಲುಗಳು ಹುಟ್ಟಿದ್ದು ದೀಪ ಮತ್ತು ಮೇಣದಬತ್ತಿಯ ಕಾಲದಲ್ಲಿ. ಟ್ಯೂಬ್‌ಲೈಟಿನ ಕೆಳಗೆ ಅವು ಮಂಕು. ಒಂದು ರಾತ್ರಿ ದೀಪ ಆರಿಸಿ, ಒಂದೇ ಬತ್ತಿ ಹಚ್ಚಿ, ಕೈ ಆಡಿಸಿ ನೋಡಿ. ದೊಡ್ಡ ದೊಡ್ಡ ಬಣ್ಣದ ಕಿಡಿಗಳು ನಿಧಾನವಾಗಿ ಹೊರಳುತ್ತವೆ.

ಹಾಗಾದರೆ ಈಗಿನ ರೀತಿಯಲ್ಲಿ ಮತ್ತೆ ಕೊರೆಸಿದರೆ?

ದಯವಿಟ್ಟು ಬೇಡ. ಕೊರೆದಷ್ಟೂ ತೂಕ ಹೋಗುತ್ತದೆ, ಹಳೇ ರೂಪ ಎಂದೂ ವಾಪಸ್ ಬರುವುದಿಲ್ಲ. 1852ರಲ್ಲಿ ಲಂಡನ್ನಿನಲ್ಲಿ ಕೊಹಿನೂರನ್ನು ಮತ್ತೆ ಕೊರೆದಾಗ ಸುಮಾರು 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ವಿಟೆಲ್ಸ್‌ಬಾಖ್ ಎಂಬ ನೀಲಿ ವಜ್ರವನ್ನು 2008ರಲ್ಲಿ ಕೊಂಡ ವ್ಯಾಪಾರಿ 35.56 ಕ್ಯಾರೆಟ್‌ನಿಂದ 31.06ಕ್ಕೆ ಇಳಿಸಿ ಕೊರೆಸಿದರು. ಬಣ್ಣ, ಶುದ್ಧತೆ ಎರಡರಲ್ಲೂ ದರ್ಜೆ ಏರಿತು. ಇತಿಹಾಸ ಅಳಿಸಿಬಿಟ್ಟರು ಅಂತ ಬಯ್ದವರೂ ಕಡಿಮೆ ಇರಲಿಲ್ಲ. ಅಂಚು ಮುಕ್ಕಾಗಿ ಬೆರಳಿಗೆ ತಾಗುತ್ತಿದ್ದರೆ ಅಷ್ಟು ಭಾಗವನ್ನು ಮಾತ್ರ ಸರಿಪಡಿಸಿಕೊಳ್ಳಿ.

ವಜ್ರ ಒಡೆಯೋದಿಲ್ಲ ತಾನೇ?

ಒಡೆಯುತ್ತದೆ. ಗಟ್ಟಿತನ ಬೇರೆ, ಪೆಟ್ಟು ತಡೆಯುವ ಶಕ್ತಿ ಬೇರೆ. ಗೀರುವಿಕೆಯ ಅಳತೆಯಲ್ಲಿ ವಜ್ರ 10ಕ್ಕೆ 10. ಅದನ್ನು ಗೀರಲು ಇನ್ನೊಂದು ವಜ್ರವೇ ಬೇಕು. ಆದರೆ ಸೌದೆಗೆ ಸೀಳುವ ಗೆರೆ ಇರುವ ಹಾಗೆ ವಜ್ರದ ಹರಳಿನೊಳಗೂ ನಾಲ್ಕು ದಿಕ್ಕಿನಲ್ಲಿ ಸೀಳುವ ತಳಗಳಿವೆ. ಆ ದಿಕ್ಕಿಗೆ ಸರಿಯಾಗಿ ಪೆಟ್ಟು ಬಿದ್ದರೆ ಅಂಚು ಹಾರುತ್ತದೆ. ಚೂಪು ಮೂಲೆಯ ಕಲ್ಲುಗಳಿಗೆ, ಅಂಚು ತೆಳುವಾಗಿರುವ ಹಳೇ ಕಲ್ಲುಗಳಿಗೆ ಅಪಾಯ ಜಾಸ್ತಿ.

ಬೆಂಕಿಯೂ ಆಗದು. ವಜ್ರ ಅಂದರೆ ಇಂಗಾಲ. ಗಾಳಿಯಲ್ಲಿ ಎಂಟುನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾದರೆ ಮೇಲ್ಮೈ ಸುಟ್ಟು ಹಾಲುಬಿಳುಪಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಹೀಗಾದ ಕಲ್ಲುಗಳನ್ನು ಎಸೆಯಬೇಡಿ. ತೆಳುವಾಗಿ ಮತ್ತೆ ಉಜ್ಜಿದರೆ ಒಳಗಿನ ಕಲ್ಲು ಸಾಮಾನ್ಯವಾಗಿ ಹಾಗೇ ಇರುತ್ತದೆ.

ಇಷ್ಟಾದರೂ ಹೆಚ್ಚು ವಜ್ರಗಳು ಹೋಗುವುದು ಒಡೆದಲ್ಲ, ಉದುರಿ. ಕಲ್ಲನ್ನು ಹಿಡಿದಿಟ್ಟಿರುವ ಚಿನ್ನದ ಪುಟ್ಟ ಉಗುರುಗಳು ದಿನದ ತಿಕ್ಕಾಟಕ್ಕೆ ಸವೆಯುತ್ತವೆ. ಬೆರಳುಗಳ ನಡುವೆ ಉಂಗುರ ಹಿಡಿದು ಕಿವಿಯ ಹತ್ತಿರ ತಂದು ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಅಂದರೆ ಕಲ್ಲು ಸಡಿಲ. ನೂಲಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದರೆ ಒಂದು ಉಗುರು ಎದ್ದಿದೆ. ಹೊಸಬರ ಕೈಗೆ ಕೊಡುವ ಮೊದಲು ಈ ಉಗುರುಗಳಿಗೆ ಹೊಸ ತುದಿ ಹಾಕಿಸಿ. ನನ್ನ ಮಟ್ಟಿಗೆ ಉಂಗುರದ ಜೊತೆ ಕೊಡಬಹುದಾದ ಅತಿ ಉಪಯುಕ್ತ ಉಡುಗೊರೆ ಇದೇ.

ಬೆರಳಿಗೆ ಹಿಡಿಸುತ್ತಿಲ್ಲ.

ಸಾದಾ ಉಂಗುರವಾದರೆ ಒಂದೆರಡು ಅಳತೆ ಹಿಗ್ಗಿಸುವುದು, ಕುಗ್ಗಿಸುವುದು ಕಷ್ಟವಲ್ಲ. ಅದಕ್ಕಿಂತ ಜಾಸ್ತಿ ಎಳೆದರೆ ಕಲ್ಲು ಕೂರುವ ಜಾಗ ವಾರೆಯಾಗುತ್ತದೆ. ಸುತ್ತಲೂ ಕಲ್ಲು ಕೂರಿಸಿದ್ದಕ್ಕೆ ಸಾಮಾನ್ಯವಾಗಿ ಕೈ ಹಾಕಲು ಆಗದು. ಪ್ಲಾಟಿನಂ ಆದರೆ ಆ ಕೆಲಸ ಬಲ್ಲವರೇ ಬೇಕು, ಅದಕ್ಕೆ ಚಿನ್ನಕ್ಕಿಂತ ತುಂಬ ಹೆಚ್ಚು ಶಾಖ ಬೇಕಾಗುತ್ತದೆ. ಒಳಗೆ ಅಕ್ಷರ ಕೆತ್ತಿದ್ದರೆ ಆ ಜಾಗ ಬಿಟ್ಟು ಕತ್ತರಿಸಲು ಹೇಳಿ. ಹೇಳದಿದ್ದರೆ ಅಕ್ಷರವೇ ಕತ್ತರಿಸಿ ಹೋದೀತು.

ಗಂಟು ದಪ್ಪ, ಬೆರಳ ಬುಡ ಸಣ್ಣ ಇರುವವರಿಗೆ ಒಳಭಾಗದಲ್ಲಿ ಎರಡು ಪುಟ್ಟ ಚಿನ್ನದ ಮಣಿ ಬೆಸೆದುಕೊಟ್ಟರೆ ಉಂಗುರ ತಿರುಗದೆ ನಿಲ್ಲುತ್ತದೆ.

ತೊಳೆಯೋದು ಹೇಗೆ?

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ, ಮೆತ್ತನೆ ಬ್ರಷ್. ವಜ್ರಕ್ಕೆ ಜಿಡ್ಡೆಂದರೆ ಬಲು ಪ್ರೀತಿ. ಗಣಿಗಳಲ್ಲಿ ಇದೇ ಗುಣ ಬಳಸಿ, ಜಿಡ್ಡು ಸವರಿದ ಮೇಜಿನ ಮೇಲೆ ನೀರಿನ ಜೊತೆ ಪುಡಿಗಲ್ಲು ಹರಿಸಿ ವಜ್ರವನ್ನು ಬೇರೆ ಮಾಡುತ್ತಿದ್ದರು. ಕೈಗೆ ಹಚ್ಚುವ ಕ್ರೀಮೂ ಅದಕ್ಕೆ ಹಾಗೇ ಅಂಟಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕಲ್ಲಿನ ಹಿಂಭಾಗ ಪೂರ್ತಿ ಲೋಹದಿಂದ ಮುಚ್ಚಿದ್ದರೆ ನೀರಿಗೆ ಹಾಕಲೇಬೇಡಿ. ಹಳೇ ಕಾಲದಲ್ಲಿ ಹೊಳಪು ಹೆಚ್ಚಲಿ ಅಂತ ಕಲ್ಲಿನ ಕೆಳಗೆ ತೆಳು ಲೋಹದ ಹಾಳೆ ಇಡುತ್ತಿದ್ದರು. ನೀರು ಒಳಗಿಳಿದರೆ ಅದು ಕಪ್ಪಾಗುತ್ತದೆ. ಬಿರುಕಿಗೆ ಗಾಜಿನಂಥದ್ದು ತುಂಬಿಸಿದ ಕಲ್ಲುಗಳಿಗೆ ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ, ಹಬೆ, ಬೆಸುಗೆಯ ಬಿಸಿ ಯಾವುದೂ ಆಗದು. ಬಟ್ಟೆ ಬಿಳುಪಿಸುವ ಬ್ಲೀಚ್, ಈಜುಕೊಳದ ಕ್ಲೋರಿನ್ ಚಿನ್ನಕ್ಕೆ ಬೆರೆಸಿದ ಲೋಹಗಳನ್ನು ತಿನ್ನುತ್ತವೆ. ಬಿಚ್ಚಿಟ್ಟು ಹೋಗಿ.

ರಿಪೇರಿಗೆ ಕೊಟ್ಟಾಗ ಕಲ್ಲು ಬದಲಾಯಿಸಿಬಿಟ್ಟರೆ?

ನಮ್ಮ ಮನೆಯ ಕಥೆ ಕೇಳಿದ ಮೇಲೆ ಎಲ್ಲರೂ ಕೇಳುವುದು ಇದನ್ನೇ. ಹೆಚ್ಚಿನ ಅಕ್ಕಸಾಲಿಗರು ಹಾಗೆ ಮಾಡುವುದಿಲ್ಲ. ಆದರೂ ನಮ್ಮ ಹುಷಾರಿಯಲ್ಲಿ ನಾವಿರೋಣ. ಕೊಡುವ ಮೊದಲು ಹತ್ತು ಪಟ್ಟು ಗಾಜಿನಲ್ಲಿ ಕಲ್ಲನ್ನು ನೋಡಿ. ಪ್ರತಿ ಕಲ್ಲಿನೊಳಗೂ ಚುಕ್ಕಿ, ಗರಿ, ಮೋಡದಂಥ ಗುರುತುಗಳಿರುತ್ತವೆ. ಅವೇ ಅದರ ಬೆರಳಚ್ಚು. ಅಂಗಡಿಯವರನ್ನೇ ತೋರಿಸಿ ಅನ್ನಿ, ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಫೋಟೋ ತೆಗೆಯಿರಿ. ರಸೀದಿಯಲ್ಲಿ ಕಲ್ಲಿನ ಅಳತೆ ಮಿಲಿಮೀಟರಿನಲ್ಲಿ, ಉಂಗುರದ ತೂಕ ಗ್ರಾಮಿನಲ್ಲಿ ಬರೆಸಿಕೊಳ್ಳಿ. ವಾಪಸ್ ಬಂದಾಗ ಅದೇ ಗುರುತನ್ನು ಹುಡುಕಿ ನೋಡಿ.

ಬೆಲೆ ಕಟ್ಟಿಸಿದೆವು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಒಂದೇ ಉಂಗುರಕ್ಕೆ ಕಡಿಮೆ ಅಂದರೂ ಮೂರು ಬೆಲೆ ಇರುತ್ತವೆ. ಕಳೆದುಹೋದರೆ ಅಂಥದ್ದೇ ಹೊಸದು ಕೊಳ್ಳಲು ಬೇಕಾದದ್ದು ಒಂದು. ವಿಮೆಗೆ ಅದು, ಮೂರರಲ್ಲಿ ಅದೇ ಜಾಸ್ತಿ. ಕೊಳ್ಳುವವರೂ ಮಾರುವವರೂ ಆತುರವಿಲ್ಲದೆ ಒಪ್ಪುವ ಬೆಲೆ ಇನ್ನೊಂದು. ಆಸ್ತಿ ಪಾಲಿಗೆ ನೋಡಬೇಕಾದದ್ದು ಇದನ್ನು. ಇವತ್ತೇ ಅಂಗಡಿಗೆ ಕೊಟ್ಟರೆ ಕೈಗೆ ಬರುವುದು ಮೂರನೆಯದು, ಎಲ್ಲಕ್ಕಿಂತ ಕಡಿಮೆ. ವಿಮೆಯ ಕಾಗದ ಹಿಡಿದು ತಂಗಿಯ ಪಾಲು ಕಳೆಯಲು ಹೊರಟರೆ ತಂಗಿಗೆ ಅನ್ಯಾಯ. ಯಾವ ಕಾರಣಕ್ಕೆ ಬೆಲೆ ಬೇಕು ಅನ್ನುವುದನ್ನು ಮೊದಲೇ ಹೇಳಿ. ಕೊಳ್ಳುವ ಆಸೆ ಇಲ್ಲದವರ ಹತ್ತಿರ ಕಟ್ಟಿಸಿ.

ಕ್ಯಾರೆಟ್ ಅನ್ನುವ ಪದವೂ ಗೊಂದಲ ಮಾಡುತ್ತದೆ. ಕಲ್ಲಿನ ಕ್ಯಾರೆಟ್ ತೂಕ: 1 ಕ್ಯಾರೆಟ್ ಅಂದರೆ 0.2 ಗ್ರಾಂ. ಚಿನ್ನದ ಕ್ಯಾರೆಟ್ ಶುದ್ಧತೆ: 24ರಲ್ಲಿ ಎಷ್ಟು ಪಾಲು ಚಿನ್ನ ಅಂತ. ಒಳಗೆ 750 ಅಂತ ಒತ್ತಿದ್ದರೆ 18 ಕ್ಯಾರೆಟ್, 916 ಇದ್ದರೆ 22. ಪ್ಲಾಟಿನಂ ಮೇಲೆ 950 ಅಂತ ಇರುವುದು ಸಾಮಾನ್ಯ.

ಪ್ರಯೋಗಾಲಯದ ಪ್ರಮಾಣಪತ್ರ ಬೇರೆ. ಅಮೆರಿಕದಲ್ಲಿ 1931ರಲ್ಲಿ ಶುರುವಾದ ಜಿಐಎ ಎಂಬ ರತ್ನಪರೀಕ್ಷೆಯ ಸಂಸ್ಥೆ ಬಣ್ಣ, ಶುದ್ಧತೆ, ಕೊರೆತ, ತೂಕ ಹೇಳುತ್ತದೆ. ಬೆಲೆ ಹೇಳುವುದಿಲ್ಲ. ಕಲ್ಲನ್ನು ಉಂಗುರದಿಂದ ಬಿಚ್ಚಿ ಕೊಡಬೇಕು. ಹಳೇ ಕಟ್ಟಣೆ ನಾಜೂಕಾಗಿದ್ದರೆ ಇದಕ್ಕೋಸ್ಕರ ಬಿಚ್ಚುವುದು ಬೇಕೇ ಅಂತ ಎರಡು ಸಲ ಯೋಚಿಸಿ.

ಕಲ್ಲು ತೆಗೆದು ಹೊಸ ಉಂಗುರ ಮಾಡಿಸಿದರೆ ಅಜ್ಜಿಗೆ ಅವಮಾನವಾ?

ಪೆಟ್ಟಿಗೆಯಲ್ಲಿ ಇಟ್ಟು ಮರೆಯುವುದಕ್ಕಿಂತ ವಾಸಿ. 1947ರಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್‌ಗೆ ಫಿಲಿಪ್ ಕೊಟ್ಟ ನಿಶ್ಚಿತಾರ್ಥದ ಉಂಗುರದ ವಜ್ರಗಳು ಫಿಲಿಪ್ ಅವರ ತಾಯಿ ಆಲಿಸ್ ಅವರ ತಲೆಯಾಭರಣದಿಂದ ಬಿಚ್ಚಿದವು. ಅದಕ್ಕೆ ಎದುರಾದ ಉದಾಹರಣೆಯೂ ಅದೇ ಮನೆಯಲ್ಲಿದೆ. ಡಯಾನಾ ಅವರ 12 ಕ್ಯಾರೆಟ್ ನೀಲಮಣಿ, ಸುತ್ತ 14 ವಜ್ರಗಳ ಉಂಗುರ 2010ರಲ್ಲಿ ಅವರ ಸೊಸೆಯಾಗಲಿದ್ದ ಕೇಟ್ ಅವರ ಬೆರಳಿಗೆ ಬಂದಾಗ ಅದರ ವಿನ್ಯಾಸ ಹಾಗೇ ಇತ್ತು.

ನನ್ನ ಲೆಕ್ಕ ಇಷ್ಟು. ಉಂಗುರದ ಕೆಲಸವೇ ಅಪರೂಪದ್ದಾಗಿದ್ದರೆ, ಕೈಯಲ್ಲಿ ಕೆತ್ತಿದ್ದಾಗಿದ್ದರೆ, ಮುಟ್ಟಬೇಡಿ. ಸವೆದು ತೆಳುವಾದ ಸಾದಾ ಉಂಗುರವಾದರೆ ಬದಲಾಯಿಸಿ. ಹಳೇ ಚಿನ್ನವನ್ನೇ ಕರಗಿಸಿ ಸೇರಿಸಬಹುದೇ ಅಂತ ಕೇಳಿ. ಹಳೇ ಬೆಸುಗೆ ಸೇರಿಕೊಂಡಿರುವುದರಿಂದ ಎಲ್ಲರೂ ಒಪ್ಪುವುದಿಲ್ಲ. ಬದಲಾಯಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕೊಟ್ಟವರು ಬದುಕಿದ್ದರೆ ಅವರಿಗೆ ಮೊದಲೇ ಹೇಳಿ. ಎಷ್ಟೋ ಸಲ ಅವರೇ "ನನಗೂ ಅದು ಅಷ್ಟೇನು ಇಷ್ಟ ಇರಲಿಲ್ಲ" ಅನ್ನುತ್ತಾರೆ.

ಮಗ ತನ್ನ ಹುಡುಗಿಗೆ ಕೊಟ್ಟ. ಸಂಬಂಧ ಮುರಿಯಿತು. ವಾಪಸ್ ಕೇಳಬಹುದಾ?

ದೇಶಕ್ಕೊಂದು ಕಾನೂನು. ಅಮೆರಿಕದ ಹಲವು ರಾಜ್ಯಗಳಲ್ಲಿ ನಿಶ್ಚಿತಾರ್ಥದ ಉಂಗುರ ಅಂದರೆ ಮದುವೆಯಾಗುವ ಷರತ್ತಿನ ಮೇಲೆ ಕೊಟ್ಟದ್ದು, ಮದುವೆ ಆಗದಿದ್ದರೆ ವಾಪಸ್. ಇಂಗ್ಲೆಂಡಿನಲ್ಲಿ 1970ರ ಕಾಯ್ದೆಯ ಪ್ರಕಾರ ಅದು ಪೂರ್ತಿ ಉಡುಗೊರೆ ಅಂತಲೇ ಎಣಿಕೆ. ಷರತ್ತಿತ್ತು ಅಂತ ತೋರಿಸಿದರೆ ಮಾತ್ರ ಬೇರೆ ಮಾತು. "ಇದು ನಮ್ಮ ಮನೆತನದ್ದು, ಮದುವೆ ಆಗದಿದ್ದರೆ ಮನೆಗೇ ಬರಬೇಕು" ಅಂತ ಕೊಡುವಾಗಲೇ ಹೇಳಿದ್ದರೆ ಎರಡೂ ಕಡೆ ಅನುಕೂಲ. ಹೇಳಲು ಅದು ಒಳ್ಳೆಯ ಗಳಿಗೆಯಲ್ಲ ಅನ್ನುವುದು ನನಗೂ ಗೊತ್ತು.

ನನಗೆ ಅದು ಇಷ್ಟವೇ ಇಲ್ಲ. ಬೇಡ ಅನ್ನಬಹುದಾ?

ಅನ್ನಬಹುದು. ಬೇಗ ಅನ್ನಿ. ತೆಗೆದುಕೊಂಡು ಹತ್ತು ವರ್ಷ ಕಪಾಟಿನಲ್ಲಿ ಇಟ್ಟ ಮೇಲೆ ಅಂದರೆ ನೋವು ಜಾಸ್ತಿ.

ಆ ಉಂಗುರ ಹಾಕಿಕೊಂಡವರಿಗೆಲ್ಲ ಕೆಟ್ಟದ್ದಾಗಿದೆ ಅಂತಾರೆ.

ನಾಲ್ಕು ತಲೆಮಾರು ದಾಟಿದ ಯಾವ ವಸ್ತುವಿನ ಹಿಂದೆಯೂ ಒಂದಷ್ಟು ಸಾವು, ಒಂದಷ್ಟು ಸಾಲ ಇದ್ದೇ ಇರುತ್ತದೆ. ಹೋಪ್ ಎಂಬ ಹೆಸರಾಂತ ನೀಲಿ ವಜ್ರದ ಶಾಪದ ಕಥೆಗಳನ್ನು ಉಬ್ಬಿಸಿ ಹೇಳಿದವರಲ್ಲಿ ಅದನ್ನು ಮಾರಿದ ವ್ಯಾಪಾರಿಯೂ ಒಬ್ಬರು. ಕಥೆ ಇದ್ದರೆ ಕೊಳ್ಳುವವರಿಗೆ ಕುತೂಹಲ. 1958ರಲ್ಲಿ ಅದರ ಆಗಿನ ಮಾಲೀಕ, ವಜ್ರ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅದನ್ನು ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟಾಗ ಕಳಿಸಿದ್ದು ರಿಜಿಸ್ಟರ್ಡ್ ಅಂಚೆಯಲ್ಲಿ. ಅಂದಿನಿಂದ ಹೆಚ್ಚುಕಡಿಮೆ ಅಲ್ಲೇ ಗಾಜಿನ ಹಿಂದೆ ಸುಮ್ಮನೆ ಕೂತಿದೆ. ನಿಮಗೆ ಮನಸ್ಸು ಒಪ್ಪದಿದ್ದರೆ ಮಾತ್ರ ಹಾಕಿಕೊಳ್ಳಬೇಡಿ.

ಎಲ್ಲಿ ಇಡೋದು?

ಬೇರೆ ಒಡವೆಗಳ ಜೊತೆ ಬೇಡ. ವಜ್ರ ಉಳಿದೆಲ್ಲವನ್ನೂ ಗೀರುತ್ತದೆ, ಇನ್ನೊಂದು ವಜ್ರವನ್ನೂ. ಪ್ರತ್ಯೇಕ ಬಟ್ಟೆಚೀಲ ಸಾಕು. ಎಲ್ಲಿಟ್ಟಿದ್ದೀರಿ ಅನ್ನುವುದು ಇನ್ನೊಬ್ಬರಿಗೂ ಗೊತ್ತಿರಲಿ. ಹಳೇ ಕೋಟಿನ ಜೇಬಿನಲ್ಲಿ ಬಚ್ಚಿಟ್ಟು, ಕೋಟಿನ ಸಮೇತ ದಾನ ಕೊಟ್ಟವರಿದ್ದಾರೆ.

ಉಂಗುರದ ಕಥೆಯನ್ನು ಉಳಿಸೋದು ಹೇಗೆ?

ಒಂದು ಹಾಳೆ ಸಾಕು. ಯಾರು ಯಾರಿಗೆ ಕೊಟ್ಟರು, ಯಾವ ವರ್ಷ, ಯಾವ ಸಂದರ್ಭ. ಲೋಹ, ಕಲ್ಲು, ಅಳತೆ. ಯಾವಾಗ ಎಲ್ಲಿ ರಿಪೇರಿ ಆಯಿತು, ಏನು ಬದಲಾಯಿತು. ಹಾಕಿಕೊಂಡವರ ಒಂದು ಹಳೇ ಫೋಟೋ, ಕೈ ಕಾಣುವಂಥದ್ದು. ಗೊತ್ತಿರುವವರ ಧ್ವನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. "ಉಂಗುರದ ಬಗ್ಗೆ ಹೇಳಿ" ಅಂದರೆ ಯಾರೂ ಏನೂ ಹೇಳುವುದಿಲ್ಲ. "ಯಾವತ್ತಾದರೂ ಕಳೆದುಹೋಗಿತ್ತಾ?" ಅಂತ ಕೇಳಿ, ಆಮೇಲೆ ನಿಲ್ಲಿಸುವುದು ಕಷ್ಟ. ಕೆಟ್ಟ ಭಾಗವನ್ನೂ ಬರೆಯಿರಿ. ಅಡವಿಟ್ಟದ್ದು, ಬಿಡಿಸಿಕೊಂಡದ್ದು, ಕಲ್ಲು ಬದಲಾದದ್ದು.

ನಮ್ಮ ಉಂಗುರದ ಹಾಳೆಯಲ್ಲಿ "ಕಲ್ಲು: ಜಿರ್ಕೋನಿಯಾ, 1976ರ ನಂತರ ಕೂರಿಸಿದ್ದು" ಅಂತಲೇ ಬರೆದಿದೆ. ಅದು ಈಗಲೂ ದೊಡ್ಡಮ್ಮನ ಬೆರಳಲ್ಲಿದೆ. "ಮುಂದೆ ಯಾರಿಗೆ" ಅನ್ನುವ ಸಾಲಿನಲ್ಲಿ ಅವರು ಚಿಕ್ಕಮ್ಮನ ಮಗಳ ಹೆಸರು ಬರೆದಿದ್ದಾರೆ, ಪೆನ್ಸಿಲಿನಲ್ಲಿ. ಪೆನ್ನಲ್ಲಿ ಬರೀರಿ ದೊಡ್ಡಮ್ಮ ಅಂತ ಎರಡು ಸಲ ಹೇಳಿದೆ. ನೋಡೋಣ ಅಂದಿದ್ದಾರೆ.